ಒಂದು ಬೆರಳಷ್ಟು ಮರ

ಕಿರಂಗೂರಿನ ಹೊರಗೆ ನನ್ನ ಗೆಳೆಯನ ಮನೆಯವರಿಗೊಂದು ಮೇಡು ಹೊಲವಿತ್ತು. ನಾಲೆಯ ನೀರು ಅದಕ್ಕೆ ಹತ್ತುತ್ತಿರಲಿಲ್ಲ. ಅಗಲ ಕಡಿಮೆ, ಉದ್ದ ಮಾತ್ರ ಬೇಕಾದಷ್ಟು. ಸುತ್ತ ಎಲ್ಲರ ಗದ್ದೆಯಲ್ಲೂ ಕಬ್ಬು ಆಳೆತ್ತರ ನಿಂತಿರುವಾಗ ಇವರ ಆ ಹೊಲದಲ್ಲಿ ದೇವರು ಮನಸ್ಸು ಮಾಡಿದ ವರ್ಷ ಒಂದಿಷ್ಟು ಹುರುಳಿ ಬರುತ್ತಿತ್ತು, ಇಲ್ಲವಾದರೆ ಅದೂ ಇಲ್ಲ. ನಿಮ್ಮ ತಾತ ಇದನ್ನು ಗೋಲಿ ಆಡುವುದಕ್ಕೆಂದೇ ಕೊಂಡಿರಬೇಕು ಎಂದು ನಾನು ಅವನನ್ನು ರೇಗಿಸುತ್ತಿದ್ದೆ. ತೊಂಬತ್ತರ ದಶಕದ ನಡುವೆ ಒಂದು ದಿನ ಆ ಹೊಲಕ್ಕೆ ವಿಮಾನ ಬಂತು.

ಹಾರಿ ಬರಲಿಲ್ಲ, ಲಾರಿಯಲ್ಲಿ ಬಂತು. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದಕ್ಕೆ ಬಿಗಿದು ಹೊಲಿದ ಬಟ್ಟೆಯ ರೆಕ್ಕೆ, ಒಂದರ ಪಕ್ಕ ಒಂದು ಎರಡು ಸೀಟು, ಬೆನ್ನ ಹಿಂದೆ ಮೋಟರ್ ಸೈಕಲ್ಲಿನದಕ್ಕಿಂತ ಸ್ವಲ್ಪ ದೊಡ್ಡ ಎಂಜಿನ್ನು. ನೋಡಲು ಬಂದ ಊರವರಿಗೆ ಭಾರೀ ನಿರಾಸೆಯಾಯಿತು. ಇದರ ಮೇಲೆ ಬಟ್ಟೆ ಒಣಹಾಕಬಹುದು ಅಷ್ಟೆ ಎಂದು ಮುದುಕರೊಬ್ಬರು ತೀರ್ಪು ಕೊಟ್ಟು ಹೊರಟುಹೋದರು. ಅದರ ಒಡೆಯರು ವಾಯುಪಡೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದು, ನಿವೃತ್ತರಾಗಿ ಪಾಂಡವಪುರದಲ್ಲಿ ಮನೆ ಮಾಡಿದ್ದವರು. ಹುಟ್ಟೂರು ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಕಡೆ. ಜನ ಅವರನ್ನು ಇಮಾನದ ಸಾರು ಎನ್ನುತ್ತಿದ್ದರು. ನಾವೂ ಸಾರು ಎಂದೇ ಕರೆದೆವು. ಗೆಳೆಯ ಹೊಲ ಬಿಟ್ಟುಕೊಡುವುದು, ಸಾರು ಅವನಿಗೆ ಹಾರುವುದನ್ನು ಕಲಿಸುವುದು, ಇಬ್ಬರ ನಡುವಿನ ಒಪ್ಪಂದ ಇಷ್ಟೇ.

ನಾನು ಶ್ರೀರಂಗಪಟ್ಟಣದ ಆಚಾರಿ. ತಲೆತಲಾಂತರದಿಂದ ಬಂಡಿ ಮಾಡುವ ಮನೆ ನಮ್ಮದು. ಟ್ರಾಕ್ಟರುಗಳು ಬಂದು ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದ ಕಾಲ ಅದು. ಕಿಟಕಿ ಬಾಗಿಲು ಮಾಡಿಕೊಂಡು ಹೇಗೋ ದಿನ ನೂಕುತ್ತಿದ್ದೆವು. ಎತ್ತಿನ ಬಂಡಿಯಲ್ಲೇ ಕಬ್ಬು ಹೊಡೆಯುತ್ತೇನೆ ಎಂದು ಹಟ ಹಿಡಿದಿದ್ದ ಕೆಲವರಲ್ಲಿ ಗೆಳೆಯನೂ ಒಬ್ಬ. ಮುರಿದ ನೊಗ ಹೊತ್ತುಕೊಂಡು ನಮ್ಮ ಅಂಗಡಿಗೆ ಬಂದವನು ಅಲ್ಲೇ ಕೂತು ಮಾತಿಗಿಳಿದ, ಅಲ್ಲಿಂದ ನಮ್ಮ ಗೆಳೆತನ. ಇಬ್ಬರಿಗೂ ಆಗ ಮೂವತ್ತರ ಆಸುಪಾಸು. ಸಾರು ತಮ್ಮ ವಿಮಾನಕ್ಕೆ ಒಂದು ಶೆಡ್ಡು ಹಾಕಿಸಬೇಕೆಂದಾಗ ಅದರ ಬಾಗಿಲಿನ ಕೆಲಸಕ್ಕೆ ನನ್ನನ್ನು ಕರೆತಂದವನು ಅವನೇ. ಕೆಲಸ ಒಂದು ವಾರದಲ್ಲಿ ಮುಗಿಯಿತು. ನಾನು ಮಾತ್ರ ಆಮೇಲೂ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗುತ್ತಲೇ ಇದ್ದೆ.

ಗೆಳೆಯನ ಬಂಡಿ ಹೊಡೆಯುವ ಕೈ ಬಗ್ಗೆ ಇಲ್ಲಿ ಹೇಳಲೇಬೇಕು. ಕಬ್ಬು ಅರೆಯುವ ಕಾಲದಲ್ಲಿ ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ನಾಲೆಯ ಸೇತುವೆ ದಾಟಿ ಇಳಿಜಾರು ಬರುತ್ತದೆ. ತುಂಬಿದ ಬಂಡಿ ಅಲ್ಲಿ ಎತ್ತುಗಳನ್ನೇ ನೂಕಿಕೊಂಡು ಹೊರಡುತ್ತದೆ. ಹೊಡೆಯುವವನು ಎದ್ದು ನಿಂತು, ಕಾಲು ಊರಿ, ಮೈಯೆಲ್ಲ ಹಿಂದಕ್ಕೆ ಚೆಲ್ಲಿ ಮೂಗುದಾರದ ಹಗ್ಗಗಳನ್ನು ಜಗ್ಗಿ ಹಿಡಿಯಬೇಕು. ಎತ್ತುಗಳ ತಲೆ ಮೇಲೇಳಬೇಕು, ಅವು ಹಿಂಗಾಲ ಮೇಲೆ ಭಾರ ಹಾಕಿ ಬಂಡಿಯನ್ನು ತಡೆಯಬೇಕು. ಹಗ್ಗವನ್ನು ಒಂದು ಗಳಿಗೆ ಸಡಿಲಿಸಿದರೂ ಭಾರವೆಲ್ಲ ಎತ್ತಿನ ಕುತ್ತಿಗೆಯ ಮೇಲೆ. ಹನ್ನೆರಡನೇ ವಯಸ್ಸಿನಿಂದ ಆ ಇಳಿಜಾರಿನಲ್ಲಿ ಬಂಡಿ ಇಳಿಸಿದವನು ಅವನು. ಒಂದು ಸಲವೂ ಬಂಡಿ ಉರುಳಿಸಿರಲಿಲ್ಲ, ಒಂದು ಎತ್ತಿಗೂ ಪೆಟ್ಟಾಗಿರಲಿಲ್ಲ. ಮುಂದೆ ಏನಾದರೂ ತಗ್ಗಿತು ಎಂದರೆ ಅವನ ಕೈ ತನ್ನಷ್ಟಕ್ಕೆ ಹಿಂದೆ ಬರುತ್ತಿತ್ತು.

ಸಾರು ಪಾಠ ಮಾಡುತ್ತಿದ್ದದ್ದು ಹೊಲದ ಬದುವಿನ ಹೊಂಗೆಮರದ ಕೆಳಗೆ. ಕೇಳುವವರು ನಾವಿಬ್ಬರೇ. ಸೀಟಿನ ಮುಂದೆ ನೆಟ್ಟಗೆ ನಿಂತ ಕೋಲೊಂದಿತ್ತು, ಅದಕ್ಕೆ ಸ್ಟಿಕ್ಕು ಎನ್ನುತ್ತಿದ್ದರು. ಅಲ್ಲಿಂದ ಹೊರಟ ತಂತಿಗಳು ಬಾಲದ ಹಲಗೆಗೆ ಸೇರುತ್ತಿದ್ದವು. ಕಿಟಕಿಯ ಕದ ಕೀಲಿನ ಮೇಲೆ ಆಡುವಂತೆ ಆ ಹಲಗೆ ಮೇಲೆ ಕೆಳಗೆ ಆಡುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಎಲಿವೇಟರ್ ಎನ್ನುತ್ತಾರಂತೆ. ಸ್ಟಿಕ್ಕನ್ನು ಹಿಂದಕ್ಕೆ ಎಳೆದರೆ ಹಲಗೆ ಮೇಲೇಳುತ್ತದೆ, ಗಾಳಿ ಅದನ್ನು ಒತ್ತಿ ಬಾಲವನ್ನು ಕೆಳಗಿಳಿಸುತ್ತದೆ, ಮೂತಿ ಮೇಲೆ ಬರುತ್ತದೆ. ಮುಂದಕ್ಕೆ ತಳ್ಳಿದರೆ ಇದೆಲ್ಲ ತಿರುಗುಮುರುಗು. ಇಷ್ಟು ನಮಗೆ ಸಲೀಸಾಗಿ ಅರ್ಥವಾಯಿತು. ಎಳೆದರೆ ಏರುತ್ತದೆ, ತಳ್ಳಿದರೆ ಇಳಿಯುತ್ತದೆ ಎಂದು ಗೆಳೆಯ ಬಾಯಿಪಾಠ ಒಪ್ಪಿಸಿದ. ಸಾರು ತಲೆಯಾಡಿಸಿ, ಸಾಯುವವರೆಲ್ಲ ಹಾಗೆ ಅಂದುಕೊಂಡೇ ಸಾಯುವುದು ಎಂದರು.

ಎಳೆದಾಗ ಆಗುವುದು ಏರುವುದಲ್ಲ, ರೆಕ್ಕೆ ಗಾಳಿಗೆ ಹೆಚ್ಚು ಓರೆಯಾಗುವುದು ಎಂದು ಅವರು ವಿವರಿಸಿದರು. ಒಂದು ಮಿತಿಯವರೆಗೆ ಓರೆ ಹೆಚ್ಚಿದಷ್ಟೂ ರೆಕ್ಕೆ ಹೆಚ್ಚು ಎತ್ತುತ್ತದೆ. ಆ ಮಿತಿ ದಾಟಿದರೆ ಗಾಳಿ ರೆಕ್ಕೆಯ ಬೆನ್ನಿನ ಮೇಲೆ ನಿಲ್ಲದೆ ಕಿತ್ತುಕೊಂಡು ಹೋಗುತ್ತದೆ, ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಅದಕ್ಕೆ ಸ್ಟಾಲ್ ಎಂದು ಹೆಸರು. ಎಂಜಿನ್ನು ನಿಂತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಎಂಜಿನ್ನು ಜೋರಾಗಿ ಕೂಗುತ್ತಿರುವಾಗಲೇ ರೆಕ್ಕೆ ಕೈಕೊಡಬಹುದು. ನನಗೆ ಉಳಿಯ ನೆನಪಾಯಿತು. ಉಳಿಯನ್ನು ಸ್ವಲ್ಪ ಎತ್ತಿ ಹಿಡಿದರೆ ಮರದ ಸಿಪ್ಪೆ ಸರಾಗ ಏಳುತ್ತದೆ, ಇನ್ನೂ ಎತ್ತುತ್ತ ಹೋದರೆ ಒಂದು ಕಡೆ ಗಕ್ಕನೆ ಕಚ್ಚಿಕೊಂಡು ನಿಲ್ಲುತ್ತದೆ, ಆಮೇಲೆ ಎಷ್ಟು ಬಡಿದರೂ ಮರ ಹಾಳಾಗುವುದೇ ಹೊರತು ಕೆಲಸ ಸಾಗುವುದಿಲ್ಲ. ಇದನ್ನು ಹೇಳಿದಾಗ ಸಾರು ನನ್ನ ಬೆನ್ನು ತಟ್ಟಿದರು. ಗೆಳೆಯನಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಸಾರು ಆ ದಿನ ಹೇಳಿದ ಒಂದು ಮಾತು ನನಗೆ ಅವರ ದನಿಯಲ್ಲೇ ನೆನಪಿದೆ. “ವೇಗದ ಮುಳ್ಳು ಆಮೇಲೆ ನೋಡು, ಮೊದಲು ನಿನ್ನ ಕೈ ಎಲ್ಲದೆ ನೋಡ್ಕೊ. ಸ್ಟಿಕ್ಕು ಎಷ್ಟು ಹಿಂದೆ ಅದೆಯೋ ರೆಕ್ಕೆ ಅಷ್ಟು ಓರೆ.” ಜೋರಾಗಿ ಹೋಗುತ್ತಿರಲಿ, ಮೆಲ್ಲಗೆ ಹೋಗುತ್ತಿರಲಿ, ಮೂತಿ ಆಕಾಶ ನೋಡುತ್ತಿರಲಿ, ನೆಲ ನೋಡುತ್ತಿರಲಿ, ಸ್ಟಿಕ್ಕು ಆ ಒಂದು ಜಾಗ ದಾಟಿ ಹಿಂದೆ ಬಂತೆಂದರೆ ರೆಕ್ಕೆ ಗಾಳಿ ಬಿಡುತ್ತದೆ. ಬಿದ್ದಾಗ ಮದ್ದು ಒಂದೇ, ಸ್ಟಿಕ್ಕನ್ನು ಮುಂದಕ್ಕೆ ತಳ್ಳುವುದು. ನೆಲ ಎದುರಿಗೆ ನುಗ್ಗಿ ಬರುತ್ತಿರುವಾಗ ಅದರ ಕಡೆಗೇ ತಳ್ಳುವುದು. ಹಾಗೆ ತಳ್ಳಿದರೆ ಬಾಲದ ಹಲಗೆ ಇಳಿಯುತ್ತದೆ, ರೆಕ್ಕೆಗೆ ಮತ್ತೆ ಗಾಳಿ ಸಿಗುತ್ತದೆ. ಎಳೆದು ಹಿಡಿದುಕೊಂಡರೆ ನೆಲ ಮುಟ್ಟುವವರೆಗೂ ಅದು ಬೀಳುತ್ತಲೇ ಇರುತ್ತದೆ.

ಪಾಠ ಕೇಳುವಾಗ ಗೆಳೆಯ ಜಾಣ. ಮೇಲೆ ಹೋದ ಮೇಲೆ ಬೇರೆ ಕತೆ. ಸಾರು ಸಾಕಷ್ಟು ಎತ್ತರಕ್ಕೆ ಹೋಗಿ ಬೇಕೆಂದೇ ವಿಮಾನವನ್ನು ಸ್ಟಾಲ್ ಮಾಡಿ, ಈಗ ನೀನು ಬಿಡಿಸು ಎಂದರೆ, ಮೂತಿ ತಗ್ಗಿದ್ದೇ ತಡ ಇವನ ಕೈ ಹಿಂದಕ್ಕೆ. ಅದೂ ಸುಮ್ಮನೆ ಎಳೆಯುವುದಲ್ಲ, ಕಾಲು ಊರಿ, ಬೆನ್ನನ್ನು ಸೀಟಿಗೆ ಒತ್ತಿ, ತುಂಬಿದ ಬಂಡಿ ತಡೆಯುವವನ ಹಾಗೆ. ಒಂದು ದಿನ ಅವನ ಕೈಯಿಂದ ಸ್ಟಿಕ್ಕು ಬಿಡಿಸಿಕೊಳ್ಳಲು ಸಾರಿಗೆ ಎರಡೂ ಕೈ ಬೇಕಾಯಿತಂತೆ. ಇಳಿದು ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಗೆಳೆಯ ಮಾತ್ರ ನನ್ನ ಹತ್ತಿರ ಬಂದು, “ಬೀಳ್ತಾ ಇರೋವಾಗ ಕೆಳಕ್ಕೇ ತಳ್ಳು ಅಂತಾರಲ್ಲ, ಇದ್ಯಾವ ಸೀಮೆ ನ್ಯಾಯ ಕಣ್ಲಾ” ಎಂದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ನಕ್ಕೆ. ಆ ಗಾದೆಯನ್ನು ಆಮೇಲೆ ನಾನು ಯಾರಿಗೂ ಹೇಳಿಲ್ಲ.

ಬೇರೆ ಗುರುವಾಗಿದ್ದರೆ ಇವನು ಆಗುವವನಲ್ಲ ಎಂದು ಕೈಬಿಡುತ್ತಿದ್ದರು. ಸಾರಿಗೆ ಇವನ ಮೇಲೆ ಅಕ್ಕರೆ. ಒಂದು ವಾರ ಯೋಚನೆ ಮಾಡಿ ನನ್ನ ಅಂಗಡಿಗೆ ಬಂದರು. ಸ್ಟಿಕ್ಕಿನ ಹಿಂದೆ, ಸೀಟಿನ ಅಂಚಿಗೆ ಒಂದು ಗಟ್ಟಿ ಮರದ ತುಂಡು ಕೂರಿಸಬೇಕು, ಸ್ಟಿಕ್ಕು ಎಷ್ಟೇ ಜಗ್ಗಿದರೂ ಆ ತುಂಡಿಗೆ ತಾಗಿ ನಿಲ್ಲಬೇಕು, ಅಪಾಯದ ಜಾಗಕ್ಕೆ ಹೋಗಲೇಬಾರದು. ಹಲಗೆ ಅಷ್ಟು ಏಳದಿದ್ದರೆ ರೆಕ್ಕೆ ಅಷ್ಟು ಓರೆಯಾಗುವುದಿಲ್ಲ, ಓರೆಯಾಗದಿದ್ದರೆ ಸ್ಟಾಲ್ ಇಲ್ಲ. ಬಂಡಿ ಚಕ್ರದ ನಡುವಿನ ಗುಂಭಕ್ಕೆಂದು ಇಟ್ಟಿದ್ದ ಹಳೆಯ ಜಾಲಿಮರದಲ್ಲಿ ನಾನು ಅದನ್ನು ಕೆತ್ತಿದೆ. ಸಾರು ಒಬ್ಬರೇ ಮೇಲೆ ಹೋಗಿ, ಸ್ಟಿಕ್ಕನ್ನು ತುಂಡಿಗೆ ತಾಗಿಸಿ ನೋಡಿ, ಇಳಿದು, ಇನ್ನೊಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಪಾಲು, ದಪ್ಪ ಬೇಕು ಎಂದರು. ನಾಲ್ಕು ಸಲ ಹೀಗಾಯಿತು. ಕೊನೆಗೆ ಸ್ಟಿಕ್ಕನ್ನು ಪೂರ್ತಿ ಎಳೆದರೂ ವಿಮಾನ ಸುಮ್ಮನೆ ತಲೆದೂಗುತ್ತದೆ, ಬೀಳುವುದಿಲ್ಲ ಎಂದು ಖುಷಿಯಾಗಿ ಹೇಳಿದರು. ನನ್ನ ಕೈಯ ಮರದ ತುಂಡೊಂದು ಆಕಾಶದಲ್ಲಿ ಒಬ್ಬನ ಜೀವ ಕಾಯುತ್ತದೆ ಎಂದು ನಾನು ಆ ವಾರವೆಲ್ಲ ಕೋಡು ಮೂಡಿದವನಂತೆ ತಿರುಗಿದೆ.

ತೊಂದರೆ ಬಂದದ್ದು ನೆಲಕ್ಕೆ ಇಳಿಯುವಾಗ. ಇಬ್ಬರು ಕೂತು ಇಳಿಯುವಾಗ ಕೊನೆಯ ಗಳಿಗೆಯಲ್ಲಿ ಮೂತಿಯನ್ನು ಬೇಕಾದಷ್ಟು ಎತ್ತಲು ಸ್ಟಿಕ್ಕು ಸಾಲದೆ ತುಂಡಿಗೆ ತಾಗಿಬಿಡುತ್ತಿತ್ತು. ಚಕ್ರಗಳು ಧೊಪ್ಪೆಂದು ನೆಲಕ್ಕೆ ಬೀಳುತ್ತಿದ್ದವು. ಬದುವಿನ ಮೇಲೆ ಕೂತು ನೋಡುವ ಜನಕ್ಕೆ ಅದೊಂದು ತಮಾಷೆಯಾಯಿತು. ಹಲಸಿನಹಣ್ಣು ಬಿತ್ತು ಎಂದು ಕೂಗುವವರು, ಎಣಿಸುವವರು. ಗೆಳೆಯ ತುಂಡಿನ ಮೇಲೆ ದೂರು ಹೇಳಿದಾಗ ನಾನು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಾಯಿ ಮುಚ್ಚಿಸಿದೆ. ಸಾರು ಸಹ, ಧೊಪ್ಪೆಂದರೂ ಪರವಾಗಿಲ್ಲ, ಚಕ್ರ ಹೋದರೆ ಹೊಸದು ತರಬಹುದು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಸಾರು ಇಲ್ಲದ ಹೊತ್ತಿನಲ್ಲಿ ಗೆಳೆಯ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದ. ಹಿಂದಿನ ದಿನ ಅವನ ಅವ್ವ ಬದುವಿನ ಮೇಲೆ ನಿಂತಿದ್ದಾಗಲೇ ವಿಮಾನ ಧೊಪ್ಪೆಂದು ಬಿದ್ದು, ಜನ ನಕ್ಕದ್ದು ಅವರ ಕಿವಿಗೂ ಬಿದ್ದಿತ್ತು. ಅದು ಅವನಿಗೆ ಬಹಳ ತಾಕಿತ್ತು. “ಒಂದೇ ಒಂದು ಬೆಳ್ಳು ಕಣ್ಲಾ. ಇಳಿಯೋವಾಗ ಮಾತ್ರ ಬೇಕು. ನೀನು ಮಾಡಿದ್ದು ತಾನೆ, ನೀನೇ ಕೆತ್ತು” ಎಂದ. ಸಾರನ್ನು ಕೇಳೋಣ ಎಂದು ನಾನು ಒಂದು ಮಾತು ಹೇಳಿದೆ. ಕೇಳಿದರೆ ಬೇಡ ಅಂತಾರೆ ಎಂದ. ಅದು ನಿಜವೇ ಆಗಿತ್ತು.

ನಾನು ಯಾಕೆ ಒಪ್ಪಿದೆ ಎಂದು ಈಗ ಕೇಳಿಕೊಂಡರೆ ಗೆಳೆಯನ ಮುಖ ನೋಡಲಾರದೆ ಎಂದು ಹೇಳಬಹುದು. ಅದು ಅರ್ಧ ಸತ್ಯ. ಇನ್ನರ್ಧ ನನ್ನ ಜಂಬ. ನಾನು ಮರದ ಕೆಲಸದವನು, ನಾನು ಮಾಡಿದ ತುಂಡಿನಿಂದ ಜನ ನಗುವ ಹಾಗಾಯಿತಲ್ಲ ಎಂಬ ಚುಚ್ಚು ನನ್ನೊಳಗೂ ಇತ್ತು. ಬಂಡಿಯ ಅಚ್ಚಿಗೆ ಕೂದಲೆಳೆ ಹೆಚ್ಚು ಕಡಿಮೆಯಾದರೆ ಏನಾಗುತ್ತದೆ ಎಂದು ಬಲ್ಲವನಿಗೆ, ಆ ನಾಲ್ಕು ಸಲದ ನೂಲಿನ ಲೆಕ್ಕ ಯಾಕೆ ಎಂದು ಹೊಳೆಯಬೇಕಿತ್ತು. ಉಳಿ ತೆಗೆದು ಒಂದು ಬೆರಳಷ್ಟು ಕೆತ್ತಿದೆ. ಕೆತ್ತಿದ ಜಾಗ ಬಿಳಿಯಾಗಿ ಕಾಣದಿರಲಿ ಎಂದು ಎಂಜಿನ್ ಎಣ್ಣೆ ಹಚ್ಚಿ ಉಜ್ಜಿದೆ. ಎಣ್ಣೆ ಹಚ್ಚಿದ ಮೇಲೆ ಅದು ಕಳ್ಳತನವೇ ಎಂದು ನನಗೆ ಆಗಲೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಸಾರು ಸೀಟಿನಲ್ಲಿ ಕೂತು ಸ್ಟಿಕ್ಕನ್ನು ನಾಲ್ಕೂ ಕಡೆ ಆಡಿಸಿ ನೋಡಿದರು. ಇಬ್ಬರೂ ಎರಡು ಸುತ್ತು ಹೋಗಿ ಬಂದರು. ಎರಡು ಸಲವೂ ವಿಮಾನ ಬೆಣ್ಣೆಯ ಹಾಗೆ ನೆಲ ಮುಟ್ಟಿತು. ಬದುವಿನ ಮೇಲಿದ್ದವರು ನಗಲಿಲ್ಲ, ಒಬ್ಬಿಬ್ಬರು ಶಿಳ್ಳೆ ಹೊಡೆದರು. ಅಷ್ಟರಲ್ಲಿ ಗೆಳೆಯನ ಅವ್ವ ಅವನಿಗೆ ರೊಟ್ಟಿ ಕಟ್ಟಿಕೊಂಡು ಬಂದು ಹೊಂಗೆಮರದ ಕೆಳಗೆ ನಿಂತಿದ್ದರು. ಗಟ್ಟಿ ಹೆಂಗಸು ಅವರು. ಗಂಡ ಹೋದ ಮೇಲೆ ಎಮ್ಮೆ ಕಟ್ಟಿ, ಡೈರಿಗೆ ಹಾಲು ಹಾಕಿ ಇಬ್ಬರು ಗಂಡುಮಕ್ಕಳನ್ನು ನೆಲೆಗೆ ತಂದಿದ್ದವರು. ಕೈ ಕುದುರಿತು ನಿನಗೆ ಎಂದು ಸಾರು ಗೆಳೆಯನಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಅವರು ಸೀಟಿನಿಂದ ಇಳಿದು, ಬೆಲ್ಟನ್ನು ಕಟ್ಟಿಟ್ಟು, ಇನ್ನು ಒಬ್ಬನೇ ಒಂದು ಸುತ್ತು ಹೋಗಿ ಬಾ ಎಂದರು. ಇಳಿದ ಮೇಲೆ ಒಂದು ಗಳಿಗೆ ಅಲ್ಲೇ ಸೀಟಿನ ಕಡೆ ನೋಡುತ್ತ ನಿಂತರು. ಗೆಳೆಯ ನನ್ನ ಕಡೆ ತಿರುಗಿ ಕಣ್ಣು ಹೊಡೆದ.

ನನಗೆ ಆಗ ಗೊತ್ತಿಲ್ಲದಿದ್ದ ಒಂದು ವಿಷಯ ಇಲ್ಲಿ ಹೇಳಬೇಕು. ಆ ಸೀಟುಗಳಿದ್ದದ್ದು ರೆಕ್ಕೆಯ ಮುಂದೆ. ಇಬ್ಬರು ಕೂತರೆ ಮೂತಿ ಭಾರ, ಅದನ್ನು ಎತ್ತಲು ಸ್ಟಿಕ್ಕನ್ನು ಹೆಚ್ಚು ಎಳೆಯಬೇಕು. ಒಬ್ಬನೇ ಕೂತರೆ ಮೂತಿ ಹಗುರ, ಸ್ಟಿಕ್ಕು ಅದೇ ಜಾಗದಲ್ಲಿದ್ದರೂ ರೆಕ್ಕೆ ಇನ್ನೂ ಹೆಚ್ಚು ಓರೆಯಾಗುತ್ತದೆ. ಇಬ್ಬರಿಗೆ ಸಾಲದ ಎಳೆತ ಒಬ್ಬನಿಗೆ ಸಾವಿನಷ್ಟು. ಸಾರು ಒಬ್ಬರೇ ಮೇಲೆ ಹೋಗಿ ನಾಲ್ಕು ಸಲ ಅಳತೆ ನೋಡಿದ್ದು ಅದಕ್ಕೆ. ನಾನು ಕೆತ್ತಿ ತೆಗೆದದ್ದು ಒಬ್ಬನೇ ಕೂತಾಗ ಕಾಯಬೇಕಿದ್ದ ಆ ಒಂದು ಬೆರಳನ್ನೇ.

ಗೆಳೆಯ ಸೊಗಸಾಗಿ ಏರಿದ. ಕಬ್ಬಿನ ಗದ್ದೆಗಳ ಮೇಲೆ ದೊಡ್ಡದೊಂದು ಸುತ್ತು ಹಾಕಿ ಹೊಲದ ಕಡೆ ತಿರುಗಿದ. ನೇರ ಬಂದು ಇಳಿಯಬೇಕಿತ್ತು. ಅವ್ವನಿಗೆ ಕಾಣಲಿ ಎಂದೋ ಏನೋ, ಹೊಂಗೆಮರದ ಹತ್ತಿರಕ್ಕೆ ತಗ್ಗಿನಲ್ಲಿ, ಮೆಲ್ಲಗೆ ವಾಲಿಕೊಂಡು ತಿರುಗಿದ. ಅವನ ಒಂದು ಕೈ ಹೊರಗೆ ಚಾಚಿದ್ದು ಕಾಣಿಸಿತು. ಅವ್ವನೂ ಕೈ ಎತ್ತಿದರು. ವಾಲಿದ ವಿಮಾನದ ಮೂತಿ ಸ್ವಲ್ಪ ತಗ್ಗಿತು, ಸ್ವಲ್ಪವೇ. ನಾನು ನೋಡುತ್ತಿದ್ದದ್ದು ಬಾಲದ ಹಲಗೆಯನ್ನು. ಅದು ಒಮ್ಮೆಲೇ ಮೇಲೆದ್ದು ನಿಂತಿತು. ಒಂದು ರೆಕ್ಕೆ ಜಾರಿತು. ಸಾರು ತಳ್ಳು, ತಳ್ಳು ಎಂದು ಕೂಗುತ್ತ ಓಡಿದರು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಅದು ಹೇಗೆ ಕೇಳಬೇಕು. ಆ ಹಲಗೆ ಕೆಳಗೆ ಬರಲೇ ಇಲ್ಲ. ಪಕ್ಕದ ಗದ್ದೆಯ ಕಬ್ಬಿನೊಳಗೆ ಬೀಳುವವರೆಗೂ ಅದು ಹಾಗೇ ಮೇಲೆ ನಿಂತಿತ್ತು. ಅವನು ಕಾಲು ಊರಿ, ಬೆನ್ನು ಒತ್ತಿ, ಮೈಯೆಲ್ಲ ಬಲ ಹಾಕಿ ಎಳೆದು ಹಿಡಿದಿದ್ದಾನೆ ಎಂದು ನನಗೆ ಕೆಳಗಿನಿಂದಲೇ ಗೊತ್ತಾಯಿತು.

ನಾವು ಕಬ್ಬು ಸೀಳಿಕೊಂಡು ಹೋಗುವಷ್ಟರಲ್ಲಿ ಜೀವವಿರಲಿಲ್ಲ. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಅವ್ವ ಬಂದರು. ಅವರನ್ನು ಹಿಡಿದುಕೊಳ್ಳಲು ನಾಲ್ಕು ಜನ ಬೇಕಾದರು. ಸಾರು ಅವರ ಮುಂದೆ ಮಂಡಿಯೂರಿ ಕೂತು, “ಮಿಷನ್ನು ಕೆಟ್ಟಿತ್ತು ತಾಯಿ. ನಿಮ್ಮ ಮಗಂದು ಏನೂ ತಪ್ಪಿಲ್ಲ, ನಂದೇ ತಪ್ಪು” ಎಂದರು. ಅವ್ವ ಗದ್ದೆಯ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಅವರ ಮೇಲೆ ತೂರಿದರು. ಮಣ್ಣು ತೂರಿ ಹಾಕಿದ ಶಾಪ ಸುಳ್ಳಾಗುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಸಾರು ತಲೆ ತಗ್ಗಿಸಿ, ತೂರಿದಷ್ಟನ್ನೂ ತೂರಿಸಿಕೊಂಡರು. ಎರಡು ಮಾರು ದೂರದಲ್ಲಿ ನಿಂತಿದ್ದ ನಾನು ಬಾಯಿ ಬಿಡಲಿಲ್ಲ.

ಬೆಂಗಳೂರಿನಿಂದ ಬಂದ ಅಧಿಕಾರಿಗಳಿಬ್ಬರು ತಂತಿ, ಕೀಲು, ಹಲಗೆ ಎಲ್ಲ ಮುಟ್ಟಿ ನೋಡಿ ಬರೆದುಕೊಂಡರು. ಒಬ್ಬರು ಆ ಜಾಲಿ ತುಂಡನ್ನು ಬೆರಳಿನಿಂದ ತಟ್ಟಿ ಇದೇನು ಎಂದು ಕೇಳಿದರು. ಸಾರು ನನ್ನ ಕಡೆ ನೋಡದೆ, ನಾನೇ ಹಾಕಿಸಿದ್ದು ಎಂದರು. ಅವರ ವರದಿಯಲ್ಲಿ ಏನಿತ್ತೋ ನಮಗೆ ತಿಳಿಯಲಿಲ್ಲ, ಊರಿಗೆ ಅದು ಬೇಕಾಗಿಯೂ ಇರಲಿಲ್ಲ. ತುಕ್ಕು ಹಿಡಿದ ಸಾಮಾನು ತಂದು ಮನೆಮಗನನ್ನು ತಿಂದ ಎಂದು ಜನ ಮಾತಾಡಿಕೊಂಡರು. ಯಾರೋ ಶೆಡ್ಡಿಗೆ ಕಲ್ಲು ಹೊಡೆದರು, ನಾನು ಮಾಡಿದ ಬಾಗಿಲನ್ನು ಒಡೆದರು. ಸಾರು ಪಾಂಡವಪುರದ ಮನೆ ಬಿಟ್ಟು ಹುಟ್ಟೂರಿಗೆ ಹೋಗಿಬಿಟ್ಟರು.

ನಾನು ಸುಮ್ಮನಿದ್ದೆ. ನಿಜ ಹೇಳಿದರೆ ಅಪ್ಪನ ಅಂಗಡಿಯ ಹೆಸರು ಹಾಳಾಗುತ್ತದೆ, ಪೊಲೀಸರು ಬರುತ್ತಾರೆ ಎಂದು ನನ್ನನ್ನೇ ನಂಬಿಸಿಕೊಂಡೆ. ಹೇಳಿದರೆ ಹೋದವನು ಬರುತ್ತಾನೆಯೇ ಎಂದೂ ಅಂದುಕೊಂಡೆ. ಮದುವೆಯಾಯಿತು, ಮಗುವಾಯಿತು. ಕೆ.ಆರ್. ಪೇಟೆ, ನಾಗಮಂಗಲ ಎಂದು ಕೆಲಸ ಸಿಕ್ಕ ಕಡೆಯೆಲ್ಲ ಬಾಗಿಲು ಕೂರಿಸಿದೆ. ಬಾಗಿಲು ಕೂರಿಸಿ, ಕದ ಕೀಲಿನ ಮೇಲೆ ಸರಿಯಾಗಿ ಆಡುತ್ತದೆಯೇ ಎಂದು ನೋಡುವುದನ್ನು ಮನೆಯವರಿಗೇ ಬಿಟ್ಟು ಬೆನ್ನು ತಿರುಗಿಸಿ ಉಳಿ ಒರೆಸುತ್ತಿದ್ದೆ. ಸೊಕ್ಕು ಎಂದು ಹೊಸಬರು ತಪ್ಪು ತಿಳಿಯುತ್ತಿದ್ದರು. ಒಳ್ಳೆಯ ಊಟದ ನಡುವೆ, ಮಗುವನ್ನು ಎತ್ತಿಕೊಂಡಿರುವಾಗ, ಯಾವಾಗೆಂದರೆ ಆವಾಗ ಆ ಬಾಲದ ಹಲಗೆ ಕಣ್ಣೆದುರು ಎದ್ದು ನಿಲ್ಲುತ್ತಿತ್ತು. ಅತ್ತರೆ ಹೆಂಡತಿ ಕಾರಣ ಕೇಳುತ್ತಾಳೆ ಎಂದು ಅಳುತ್ತಲೂ ಇರಲಿಲ್ಲ.

ದಶಕ ಮುಗಿಯುತ್ತ ಬಂದಾಗ, ನಾಗಮಂಗಲದಲ್ಲಿ ಒಂದು ಮನೆಯ ಕೆಲಸ ಮುಗಿಸಿದವನು ಊರಿನ ಬಸ್ಸು ಹತ್ತುವ ಬದಲು ಹೊಣಕೆರೆಯ ಬಸ್ಸು ಹತ್ತಿದೆ. ಸಾರು ಕಣದಲ್ಲಿ ರಾಗಿ ಹುಲ್ಲು ಒಟ್ಟುತ್ತಿದ್ದರು. ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿ ಬಾರಪ್ಪ ಎಂದರು, ಯಾಕೆ ಬಂದೆ ಎಂದು ಕೇಳಲಿಲ್ಲ. ನಾನು ಕೂರುವ ಮೊದಲೇ, ತುಂಡು ಕೆತ್ತಿದವನು ನಾನು ಎಂದು ಹೇಳಿಬಿಟ್ಟೆ.

ಗೊತ್ತು ಎಂದರು. ಆ ಬೆಳಿಗ್ಗೆ ಸ್ಟಿಕ್ಕು ಆಡಿಸಿದಾಗಲೇ ಅದು ಒಂದು ಬೆರಳು ಹೆಚ್ಚು ಬಂದದ್ದು ಅವರ ಕೈಗೆ ತಿಳಿದಿತ್ತಂತೆ. ಕೇಳೋಣ ಎಂದುಕೊಂಡವರು, ಎರಡು ಸಲ ಚೆನ್ನಾಗಿ ಇಳಿದದ್ದು ನೋಡಿ ಇರಲಿ ಎಂದುಕೊಂಡರಂತೆ. ಆಮೇಲೆ ಹುಲ್ಲಿನ ಕಡೆ ನೋಡುತ್ತಲೇ ಹೇಳಿದರು: “ಸೀಟಿಂದ ಇಳಿದ ಮೇಲೆ ಭಾರದ ವಿಷಯ ನೆನಪಾಯ್ತು ಕಣಪ್ಪ. ಎಂಜಿನ್ ಓಡ್ತಿತ್ತು. ಕೈ ಎತ್ತಿದ್ದಿದ್ರೆ ನಿಲ್ಲಿಸ್ತಿದ್ದ. ಅವರವ್ವ ನೋಡ್ತಾ ನಿಂತಿದ್ರು, ಮುಖ ಅರಳಿತ್ತು. ಆ ಮುಖ ನೋಡಿ ಕೈ ಎತ್ತಲಿಲ್ಲ.”

ಇಬ್ಬರೂ ಅತ್ತೆವು. ಅಷ್ಟು ವರ್ಷ ಇಬ್ಬರು ಬೇರೆ ಬೇರೆ ಊರಿನಲ್ಲಿ ಒಂದೇ ಹೊರೆಯನ್ನು ಒಬ್ಬೊಬ್ಬರೇ ಹೊತ್ತಿದ್ದೆವಲ್ಲ ಎಂದು ನನಗೆ ಇನ್ನಷ್ಟು ದುಃಖವಾಯಿತು. ಮಿಷನ್ನು ಕೆಟ್ಟಿತ್ತು ಎಂದು ಯಾಕೆ ಹೇಳಿದಿರಿ, ಆ ಮಣ್ಣು ನನ್ನ ಮೇಲೆ ಬೀಳಬೇಕಿತ್ತಲ್ಲ ಎಂದು ಕೇಳಿದೆ. ತುಂಡು ಇದ್ದರೂ ಇರದಿದ್ದರೂ ಎಳೆದ ಕೈ ಅವನದು, ಅದನ್ನು ಯಾವ ತಾಯಿಗೆ ಹೇಳುವುದು ಎಂದರು. ಹೊರಡುವಾಗ ಬಸ್ಸಿನವರೆಗೂ ಬಂದು ನನ್ನ ಕೈ ಹಿಡಿದುಕೊಂಡು, “ಅವರವ್ವಂಗೆ ಮಾತ್ರ ಏಳ್ಬೇಡ. ನನ್ನ ಬೈಕೊಂಡೇ ಅವರು ದಿನ ಕಳೀತಾವ್ರೆ, ಕಳೀಲಿ ಬುಡು” ಎಂದರು.

ಅವರ ಮಾತನ್ನು ನಾನು ಮೂರು ತಿಂಗಳು ಉಳಿಸಿಕೊಂಡೆ. ಸಾರಿನ ಆ ಬಡಕಲು ಮುಖ, ಅವರ ಮೇಲೆ ಬಿದ್ದ ಶಾಪ ನನ್ನ ಕಣ್ಣಿಗೆ ಕಟ್ಟಿದ್ದವು. ಒಬ್ಬ ಒಳ್ಳೆಯ ಮನುಷ್ಯನ ಹೆಸರಿಗೆ ಅಂಟಿದ ಮಸಿ ತೊಳೆಯುವುದು ನನ್ನ ಕರ್ತವ್ಯ ಎಂದು ಹೇಳಿಕೊಂಡೆ. ಹೇಳಿಕೊಳ್ಳಲು ಅದು ಚೆನ್ನಾಗಿತ್ತು. ಒಂದು ಸಂಜೆ ಕಿರಂಗೂರಿಗೆ ಹೋದೆ. ಅವ್ವ ಕೊಟ್ಟಿಗೆಯ ಮುಂದೆ ಹಿಂಡಿ ನೆನೆಸುತ್ತಿದ್ದರು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ತುಂಡು ಯಾಕೆ ಇತ್ತು, ಅವನು ಏನು ಕೇಳಿದ, ನಾನು ಏನು ಮಾಡಿದೆ, ಬಾಲದ ಹಲಗೆ ಹೇಗೆ ನಿಂತಿತ್ತು, ಒಂದನ್ನೂ ಬಿಡಲಿಲ್ಲ. ಸಾರಿನ ತಪ್ಪಲ್ಲ ಅವ್ವಾ, ನನ್ನ ತಪ್ಪು ಎಂದೆ.

ಅವರು ಬಾನಿಯೊಳಗಿನ ಕೈಯನ್ನು ತೆಗೆಯಲಿಲ್ಲ. ಹಿಂಡಿ ಕಿವುಚುತ್ತಲೇ, “ಅಂಗಾದ್ರೆ ಮಿಸಿನ್ನು ಕೆಟ್ಟಿರ್ನಿಲ್ವಾ” ಎಂದರು.

ಇಲ್ಲ ಎಂದೆ.

“ತಳ್ಳುದ್ರೆ ಬದುಕ್ತಿದ್ನಾ?”

ಸುಳ್ಳು ಹೇಳಬಹುದಿತ್ತು. ಅಷ್ಟು ತಗ್ಗಿನಲ್ಲಿ ತಳ್ಳಿದ್ದರೂ ಬದುಕುವುದು ಅನುಮಾನ ಎಂದು ನಿಜವನ್ನೇ ಹೇಳಬಹುದಿತ್ತು. ನಿಜ ಹೇಳುವ ಅಮಲಿನಲ್ಲಿದ್ದ ನನಗೆ ಅದು ಹೊಳೆಯಲಿಲ್ಲ. ಬದುಕುತ್ತಿದ್ದನೇನೋ ಎಂದೆ.

ಅವ್ವ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡರು. ಬೈಯಲಿಲ್ಲ, ಅಳಲಿಲ್ಲ. ನನ್ನ ಮುಖವನ್ನು ನೋಡಿ, ಜ್ವರ ಬಂದ ಮಗುವನ್ನು ವಿಚಾರಿಸುವ ಹಾಗೆ, “ನಿಂಗೆ ಈಗ ಅಗುರಾಯ್ತಾ, ಮಗ?” ಎಂದರು.

ಆಯಿತು ಅವ್ವಾ ಎಂದೆ. ಸರಿ ಬುಡು ಎಂದು ಅವರು ಎಮ್ಮೆ ಬಿಚ್ಚಲು ಎದ್ದು ಹೋದರು. ನಾನು ಹೇಳಿದ್ದು ಸುಳ್ಳಲ್ಲ. ಎಷ್ಟೋ ವರ್ಷಗಳ ಮೇಲೆ ಅಂದು ನನಗೆ ತಲೆ ಇಟ್ಟ ಕೂಡಲೇ ನಿದ್ದೆ ಬಂತು. ಕಿರಂಗೂರಿಗೆ ಆಮೇಲೂ ಹೋಗಿದ್ದೇನೆ, ಅವರು ಕಾಫಿ ಕೊಟ್ಟಿದ್ದಾರೆ, ನನ್ನ ಮಗಳ ಓದು ವಿಚಾರಿಸಿದ್ದಾರೆ. ಆ ದಿನದಿಂದ ನಿಮಗೆ ನಿದ್ದೆ ಬರುತ್ತದೆಯೇ ಅವ್ವಾ ಎಂದು ಕೇಳಲು ಮಾತ್ರ ನನಗೆ ಇವತ್ತಿನವರೆಗೂ ಬಾಯಿ ಬಂದಿಲ್ಲ.